ಗಿಡ್ಡ ಅಡಿಕೆಯ ಬೀಜ ಹಾಕಿದರೆ ಗಿಡ್ಡ ಸಸಿ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕು. ಹನ್ನೆರಡು ವರ್ಷದ ಹಿಂದೆ ಆರು ಗಿಡ್ಡ ಸಂಕರ ಅಡಿಕೆ ಸಸಿ ತಂದು ಹಳೇ ತೋಟದ ನಡುವೆ ನೆಟ್ಟಿದ್ದೆ. ಆರೂ ಒಂದೇ ಥರ ಬಂದವು. ಈಗಲೂ ಸಣ್ಣ ದೋಟಿಯಲ್ಲೇ ಕೊನೆ (ಅಡಿಕೆ ಗೊನೆ) ಇಳಿಸುತ್ತೇವೆ. ಖುಷಿಯಾಗಿ ಅವುಗಳ ಹಣ್ಣಡಿಕೆಯಿಂದಲೇ ಇನ್ನೂರು ಸಸಿ ಮಾಡಿ ನೆಟ್ಟೆ. ಈಗ ನಾಲ್ಕನೇ ವರ್ಷ. ಒಂದು ಎತ್ತರಕ್ಕೆ ಹೋಗುತ್ತಿದೆ, ಒಂದು ನಡುವೆ ಇದೆ, ಇನ್ನೊಂದು ನೆಲ ಬಿಟ್ಟು ಏಳುತ್ತಲೇ ಇಲ್ಲ. ನನ್ನದೇ ಎಸ್.795 ಕಾಫಿ ಬೀಜ ಹಾಕಿದರೆ ಎಸ್.795 ಬಂತು, ಪನ್ನಿಯೂರು ಮೆಣಸಿನ ಬಳ್ಳಿ ನೆಟ್ಟರೆ ಪನ್ನಿಯೂರೇ ಬಂತು. ಅಡಿಕೆಯಲ್ಲಿ ಮಾತ್ರ ಯಾಕೆ ಹೀಗೆ? ರೈತರು ಮತ್ತೆ ಮತ್ತೆ ಸಸಿ ಕೊಳ್ಳಲಿ ಅಂತ ಬೀಜದಲ್ಲಿ ಏನಾದರೂ ಮಾಡಿದ್ದಾರಾ? ಇನ್ನೊಂದು ವಿಷಯ. ಬೆಟ್ಟದ ಅಂಚಿನ ಹಲಸಿನ ಮರಕ್ಕೆ ಹಕ್ಕಿ ಹಾಕಿದ ಮೆಣಸಿನ ಬಳ್ಳಿಯೊಂದು ತಾನಾಗಿ ಹಬ್ಬಿದೆ. ಅದನ್ನು ಇಟ್ಟುಕೊಳ್ಳಲೋ, ಕಡಿಯಲೋ?

ಉತ್ತರ: ಮೊದಲು ಆ ಅನುಮಾನವನ್ನು ತೆಗೆದುಬಿಡೋಣ. ಬೀಜದಲ್ಲಿ ಯಾರೂ ಏನೂ ಮಾಡಿಲ್ಲ. ಗಿಡ್ಡ ಸಂಕರ ಅಡಿಕೆ ಅಂದರೆ ಎರಡು ಬೇರೆ ಬೇರೆ ಮರಗಳಿಗೆ ಕೈಯಾರೆ ಮಾಡಿಸಿದ ಮದುವೆ, ಅಷ್ಟೇ. ನಿಮ್ಮ ಆರು ಮರ ಆ ಮದುವೆಯ ಮಕ್ಕಳು. ನೀವು ಬೆಳೆಸಿದ ಇನ್ನೂರು ಮೊಮ್ಮಕ್ಕಳು. ಮಕ್ಕಳು ಒಂದೇ ಥರ ಇದ್ದದ್ದಕ್ಕೂ, ಮೊಮ್ಮಕ್ಕಳು ಹತ್ತು ಥರ ಆದದ್ದಕ್ಕೂ ಕಾರಣ ಒಂದೇ.

ಅಜ್ಜಿಯಿಂದ ಶುರು ಮಾಡುತ್ತೇನೆ. ಅಜ್ಜಿಯ ಹೆಸರು ಹಿರೇಹಳ್ಳಿ ಗಿಡ್ಡ. ತುಮಕೂರಿನ ಹತ್ತಿರದ ಹಿರೇಹಳ್ಳಿಯಲ್ಲಿ ಸಿಕ್ಕಿದ್ದು, ಯಾರೂ ಮಾಡದೆ ತಾನಾಗಿ ಹುಟ್ಟಿದ ಕುಳ್ಳು ಅಡಿಕೆ. ಕಾಂಡದ ಮೇಲೆ ಗಣ್ಣುಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ. ನೋಡಲು ಚೆಂದ. ಆದರೆ ಫಸಲು ಕಮ್ಮಿ, ಅಡಿಕೆಯೂ ಸೊಟ್ಟಸೊಟ್ಟ, ಮಾರಲು ಬಾರದ್ದು. ಅದನ್ನೇ ನೆಟ್ಟರೆ ಯಾರಿಗೂ ಉಪಯೋಗ ಇಲ್ಲ. ಹಾಗಾಗಿ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ಅದನ್ನು ತಾಯಿ ಮಾಡಿ, ಒಳ್ಳೆಯ ಫಸಲಿನ ಎತ್ತರದ ತಳಿಗಳನ್ನು ತಂದೆ ಮಾಡಿದರು. ಇಂಡೋನೇಷ್ಯಾ ಮೂಲದ ಸುಮಂಗಳದ ಜೊತೆ ಕೂಡಿಸಿದ್ದು ವಿಟಿಎಲ್‌ಎಎಚ್-1. ಪಶ್ಚಿಮ ಬಂಗಾಳದಿಂದ ಬಂದ ಮೋಹಿತ್‌ನಗರದ ಜೊತೆ ಕೂಡಿಸಿದ್ದು ವಿಟಿಎಲ್‌ಎಎಚ್-2. ಎರಡೂ 2006ರಲ್ಲಿ ಬಿಡುಗಡೆಯಾದವು. ನಿಮ್ಮ ಆರು ಮರ ಇವೆರಡರಲ್ಲಿ ಒಂದಿರಬೇಕು.

ಈ ಮದುವೆ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಾಳೆ ಕಳಚಿ ಹಿಂಗಾರ ಒಡೆದಾಗ ಒಂದು ಎಸಳು ಹಿಡಿದು ನೋಡಿ. ಬುಡದಲ್ಲಿ ದಪ್ಪಗೆ ಕೂತಿರುವುದು ಹೆಣ್ಣು ಹೂವು, ಮುಂದೆ ಅದೇ ಅಡಿಕೆಯಾಗುತ್ತದೆ. ತುದಿಯ ತೆಳು ಕಡ್ಡಿಗಳಲ್ಲಿ ಅಕ್ಕಿಕಾಳಿನ ಹಾಗೆ ಸಾಲಾಗಿ ಇರುವುದು ಗಂಡು ಹೂವು. ಗಂಡು ಮೊದಲು ಅರಳುತ್ತದೆ. ಮೂರು ನಾಲ್ಕು ವಾರ ದಿನಾ ಅರಳಿ ಉದುರುತ್ತದೆ. ಬೆಳಿಗ್ಗೆ ಮರದ ಬುಡದಲ್ಲಿ ಬಿಳಿ ಚೆಲ್ಲಿದ ಹಾಗೆ ಕಾಣುವುದು ಅದೇ. ಅದೆಲ್ಲ ಮುಗಿದ ಮೇಲೆ ಹೆಣ್ಣು ಹೂವು ಬಾಯಿ ಬಿಡುತ್ತದೆ. ಆ ಹೊತ್ತಿಗೆ ಆ ಹಿಂಗಾರದಲ್ಲಿ ಗಂಡು ಹೂವೇ ಉಳಿದಿರುವುದಿಲ್ಲ. ಹಾಗಾದರೆ ಪರಾಗ ಬರುವುದು ಎಲ್ಲಿಂದ? ಗಾಳಿಯಲ್ಲಿ, ಬೇರೆ ಮರದಿಂದ.

ಸಂಕರ ಮಾಡುವಾಗ ನಾವು ಗಂಡು ಕಡ್ಡಿಗಳನ್ನೆಲ್ಲ ಮೊದಲೇ ಕತ್ತರಿಸಿ, ಹಿಂಗಾರಕ್ಕೆ ಬಟ್ಟೆ ಚೀಲ ಕಟ್ಟುತ್ತೇವೆ. ಹೆಣ್ಣು ಹೂವಿನ ತುದಿ ಮೂರಾಗಿ ಸೀಳಿ ತೇವ ಕಾಣಿಸಿದಾಗ ಚೀಲ ಬಿಚ್ಚಿ, ಬೇಕಾದ ತಂದೆಯ ಪರಾಗ ಹಚ್ಚಿ, ಮತ್ತೆ ಕಟ್ಟುತ್ತೇವೆ. ಎಲ್ಲ ಹೂವು ಒಂದೇ ದಿನ ತೆರೆಯುವುದಿಲ್ಲ. ಹಾಗಾಗಿ ನಾಳೆ ಮತ್ತೆ, ನಾಡಿದ್ದು ಮತ್ತೆ ಇದೇ ಕೆಲಸ. ಆಮೇಲೆ ಹಣ್ಣಾಗಲು ಹತ್ತು ಹನ್ನೊಂದು ತಿಂಗಳು ಕಾಯಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಒಂದು ಚೀಲದ ಬಾಯಿಯ ದಾರ ಸಡಿಲವಾಗಿತ್ತು. ಗಾಳಿಗೆ ರಾತ್ರಿ ಬಿಚ್ಚಿಕೊಂಡಿದೆ. ಎಷ್ಟು ಹೂವಿಗೆ ಹೊರಗಿನ ಪರಾಗ ತಾಗಿತೋ ಹೇಳುವ ಹಾಗಿಲ್ಲ. ಇಡೀ ಕೊನೆಯನ್ನೇ ಲೆಕ್ಕದಿಂದ ಬಿಟ್ಟೆವು. ಒಂದು ಗಂಟು ಸಡಿಲವಾಗಿದ್ದಕ್ಕೆ ಒಂದು ವರ್ಷ ಹೋಯಿತು. ಗಿಡ್ಡ ಸಂಕರದ ಸಸಿ ಬೇಡಿಕೆ ಇದ್ದಷ್ಟು ಯಾಕೆ ಸಿಗುವುದಿಲ್ಲ, ಬೆಲೆ ಯಾಕೆ ಜಾಸ್ತಿ ಅನ್ನುವುದಕ್ಕೂ ಇದೇ ಉತ್ತರ. ಪ್ರತಿ ಬೀಜದ ಹಿಂದೆ ಒಬ್ಬರ ಕೈ ಇದೆ.

ಈಗ ಮೊಮ್ಮಕ್ಕಳ ವಿಷಯ. ಪ್ರತಿ ಗಿಡದಲ್ಲೂ ಒಂದೊಂದು ಗುಣಕ್ಕೆ ಎರಡು ಪ್ರತಿ ಇರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಮಗುವಿಗೆ ಕೊಡುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತದೆ. ಯಾವುದು ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ನಿಮ್ಮ ಸಂಕರ ಮರದಲ್ಲಿ ಎತ್ತರದ ವಿಷಯಕ್ಕೆ ಒಂದು ಪ್ರತಿ ಹಿರೇಹಳ್ಳಿಯದು, ಇನ್ನೊಂದು ಎತ್ತರದ ತಳಿಯದು. ಆರೂ ಮರಕ್ಕೆ ಇದೇ ಜೋಡಿ ಸಿಕ್ಕಿತ್ತು, ಅದಕ್ಕೇ ಆರೂ ಒಂದೇ ಥರ. ಅವು ಬೀಜ ಕಟ್ಟಿದಾಗ ಜೋಡಿ ಬಿಚ್ಚಿಹೋಗುತ್ತದೆ. ಒಂದು ಬೀಜಕ್ಕೆ ಹಿರೇಹಳ್ಳಿಯ ಪ್ರತಿ ಹೋಗುತ್ತದೆ, ಪಕ್ಕದ ಬೀಜಕ್ಕೆ ಎತ್ತರದ್ದು.

ಒಂದು ಗುಣ ಮಾತ್ರ ಆಗಿದ್ದರೆ ಚಿಂತೆ ಇರಲಿಲ್ಲ. ಅರ್ಧ ಸಸಿಗೆ ಮೊದಲಿನದೇ ಜೋಡಿ ಮತ್ತೆ ಸಿಗುತ್ತಿತ್ತು. ಆದರೆ ಎತ್ತರ, ಗಣ್ಣಿನ ಅಂತರ, ಸೋಗೆಯ ಉದ್ದ, ಕಾಯಿ ಕಚ್ಚುವುದು, ಅಡಿಕೆಯ ಆಕಾರ, ತೂಕ ಎಲ್ಲ ಬೇರೆ ಬೇರೆ ಜೋಡಿಗಳ ಕೈಯಲ್ಲಿವೆ. ಸುಮ್ನೆ ಹತ್ತು ಜೋಡಿ ಅಂತ ಇಟ್ಟುಕೊಳ್ಳಿ. ಹತ್ತೂ ನಿಮ್ಮ ಸಂಕರ ಮರದ ಹಾಗೇ ಕೂಡಿ ಬರುವ ಅವಕಾಶ 1,024ರಲ್ಲಿ ಒಂದು. ನೀವು ಹಾಕಿದ್ದು ಇನ್ನೂರು. ನಿಜದಲ್ಲಿ ಜೋಡಿಗಳು ಹತ್ತಕ್ಕಿಂತ ಎಷ್ಟೋ ಜಾಸ್ತಿ.

ನಿಮ್ಮ ತೋಟದಲ್ಲಿ ಇನ್ನೂ ಒಂದು ವಿಷಯ ಸೇರಿದೆ. ಆ ಆರು ಮರ ನಿಂತಿರುವುದು ಹಳೇ ತೋಟದ ನಡುವೆ ಅಂತ ನೀವೇ ಬರೆದಿದ್ದೀರಿ. ಸುತ್ತ ಇರುವುದೆಲ್ಲ ಊರಿನ ಎತ್ತರದ ಅಡಿಕೆ ಅಲ್ವಾ? ಗಾಳಿಯಲ್ಲಿ ಬಂದ ಪರಾಗ ಹೆಚ್ಚಾಗಿ ಅವುಗಳದ್ದೇ. ಹಾಗಾಗಿ ಆ ಇನ್ನೂರರಲ್ಲಿ ಬಹುಪಾಲಿಗೆ ತಂದೆ ನಿಮ್ಮ ಊರಿನ ಮರ, ಅದೂ ಒಂದಲ್ಲ, ನೂರಾರು. ಎತ್ತರಕ್ಕೆ ಹೋಗುವುದು ಅಷ್ಟೊಂದು ಇದ್ದರೆ ಆಶ್ಚರ್ಯ ಇಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಸಂಕರ ಅಂದ ತಕ್ಷಣ ಫಸಲು ಜಾಸ್ತಿ ಅಂತ ನಮ್ಮ ಜನ ತಿಳಿಯುತ್ತಾರೆ. ಈ ಗಿಡ್ಡ ಸಂಕರಗಳು ಮರಕ್ಕೆ ವರ್ಷಕ್ಕೆ ಕೊಡುವುದು ಸುಮಾರು ಎರಡೂವರೆ ಕಿಲೋ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ. ಎತ್ತರದ ಮೋಹಿತ್‌ನಗರ ಒಂದೇ ಮೂರೂವರೆ ಕಿಲೋ ದಾಟುತ್ತದೆ. ಗಿಡ್ಡ ಮರ ಬೇಕಾಗಿರುವುದು ಫಸಲಿಗಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಯಲು, ಕೊನೆ ತೆಗೆಯಲು ಮರ ಹತ್ತುವವರು ಸಿಗುತ್ತಿಲ್ಲ ಅನ್ನುವ ಕಷ್ಟಕ್ಕೆ. ಜಾರುವ ಮರದ ತುದಿಯಲ್ಲಿ ಒಂದು ಕೈಯಲ್ಲಿ ತೂಗಿಕೊಂಡು ಇನ್ನೊಂದು ಕೈಯಲ್ಲಿ ಪೈಪು ಹಿಡಿದವರನ್ನು ನೋಡಿದ ಮೇಲೆ, ಒಂದು ಕಿಲೋ ಕಮ್ಮಿಯಾದರೂ ಗಿಡ್ಡ ಮರವೇ ಇರಲಿ ಅಂತ ನನಗಂತೂ ಅನ್ನಿಸುತ್ತದೆ.

ಇನ್ನು ಕಾಫಿ. ನಿಮ್ಮ ಎಸ್.795 ಅರೇಬಿಕಾ. ಅರೇಬಿಕಾ ಹೂವು ಹೆಚ್ಚಾಗಿ ತನ್ನದೇ ಪರಾಗದಲ್ಲಿ ಕಾಯಿ ಕಚ್ಚುತ್ತದೆ. ಅರಳುವ ಹೊತ್ತಿಗೆ ಎಷ್ಟೋ ಹೂವಿನಲ್ಲಿ ಆ ಕೆಲಸ ಮುಗಿದೇ ಇರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಹೀಗೆ ತನ್ನೊಳಗೇ ಕೂಡುತ್ತಾ ಬಂದರೆ ಜೋಡಿಯ ಎರಡೂ ಪ್ರತಿ ಒಂದೇ ಆಗಿಬಿಡುತ್ತವೆ. ಆಗ ನಾಣ್ಯದ ಎರಡೂ ಬದಿ ಒಂದೇ. ಹೇಗೆ ಚಿಮ್ಮಿದರೂ ಅದೇ ಬೀಳುತ್ತದೆ.

ಎಸ್.795 ಕೂಡ ಹುಟ್ಟಿದ್ದು ಸಂಕರವಾಗಿಯೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಎಸ್.288 ಮತ್ತು ಕೆಂಟ್ಸ್ ಎಂಬ ಎರಡು ತಳಿ ಕೂಡಿಸಿದ್ದು, 1940ರ ದಶಕದಲ್ಲಿ ತೋಟಗಳಿಗೆ ಬಂದದ್ದು. ಎಸ್.288ರ ಮೂಲದಲ್ಲಿ ಲೈಬೀರಿಕಾ ಕಾಫಿಯ ರಕ್ತ ಇದೆ. ಎಲೆ ತುಕ್ಕು ತಡೆಯುವ ಶಕ್ತಿ ಬಂದದ್ದು ಆ ಕಡೆಯಿಂದ. ತುಕ್ಕಿನ ಶಿಲೀಂಧ್ರ ಆಮೇಲೆ ಹೊಸ ಹೊಸ ರೂಪ ತಾಳಿ ಆ ಬೇಲಿ ಹಾರಿತು. ಈಗ ಎಸ್.795ಕ್ಕೂ ತುಕ್ಕು ಬರುವುದನ್ನು ನೀವೇ ನೋಡುತ್ತಿದ್ದೀರಿ. 2007ರಲ್ಲಿ ಚಂದ್ರಗಿರಿ ಎಂಬ ಕಾಫಿ ತಳಿ ಬಂದದ್ದು ಈ ಓಟದ ಮುಂದಿನ ಹೆಜ್ಜೆಯಾಗಿ. ಸಂಕರವಾಗಿ ಹುಟ್ಟಿದ್ದು ಬೀಜದಲ್ಲಿ ನೆಲೆ ನಿಲ್ಲಬೇಕಾದರೆ ಹಲವು ತಲೆಮಾರು ಆರಿಸುತ್ತಾ ಬರಬೇಕು. ಕಾಫಿ ಮೂರು ನಾಲ್ಕು ವರ್ಷಕ್ಕೆ ಫಸಲು ತೋರಿಸುತ್ತದೆ, ಹಾಗಾಗಿ ಅದು ಸಾಧ್ಯ. ಅಡಿಕೆ ಐದಾರು ವರ್ಷಕ್ಕೆ ಹಿಂಗಾರ ಬಿಟ್ಟರೂ, ಫಸಲು ನಿಜವಾಗಿ ಎಷ್ಟು ಅಂತ ತಿಳಿಯಲು ಇನ್ನಷ್ಟು ವರ್ಷ ಬೇಕು. ಒಬ್ಬ ವಿಜ್ಞಾನಿಯ ನೌಕರಿಯಲ್ಲಿ ಎರಡು ತಲೆಮಾರು ನೋಡಿದರೆ ಅದೇ ದೊಡ್ಡದು. ನಾನು ಕೆಲಸ ಕಲಿತವರು ನೆಟ್ಟ ಮರದ ಫಸಲನ್ನು ನಾನು ತೂಗಿದ್ದೇನೆ, ನಾನು ನೆಟ್ಟದ್ದನ್ನು ಈಗ ಬೇರೆಯವರು ತೂಗುತ್ತಿದ್ದಾರೆ.

ಆದರೆ ಕಾಫಿಯೆಲ್ಲ ಹೀಗೇ ಅಂತ ತಿಳಿಯಬೇಡಿ. ರೊಬಸ್ಟಾ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಅದಕ್ಕೆ ಬೇರೆ ಗಿಡದ್ದೇ ಬೇಕು. ಅದರ ಬೀಜ ಹಾಕಿದರೆ ನಿಮ್ಮ ಅಡಿಕೆಯಲ್ಲಿ ಆದದ್ದೇ ಅಲ್ಲೂ ಆಗುತ್ತದೆ. ಒಂದು ರೊಬಸ್ಟಾ ಗಿಡ ತುಂಬಾ ಚೆನ್ನಾಗಿದೆ ಅನ್ನಿಸಿದರೆ ಅದರ ಕಡ್ಡಿಯಿಂದ ಕಸಿ ಮಾಡಿ, ಬೀಜ ನಂಬಬೇಡಿ.

ಮೆಣಸಿನ ಕಥೆ ನನಗೆ ಬಹಳ ಇಷ್ಟ. ಪನ್ನಿಯೂರು-1 ಕೂಡ ನಿಮ್ಮ ಗಿಡ್ಡ ಅಡಿಕೆಯಷ್ಟೇ ಸಂಕರ. ಕೇರಳದ ಕಣ್ಣೂರು ಜಿಲ್ಲೆಯ ಪನ್ನಿಯೂರು ಕೇಂದ್ರದಲ್ಲಿ ಉತಿರನ್‌ಕೊಟ್ಟ ಎಂಬ ತಾಯಿಗೆ ಚೆರಿಯ ಕಣಿಯಕ್ಕಾಡನ್ ಎಂಬ ತಂದೆ ಕೂಡಿಸಿ ಮಾಡಿದ್ದು. 1971ರಲ್ಲಿ ಬಿಡುಗಡೆಯಾಯಿತು. ಕಾಳುಮೆಣಸಿನಲ್ಲಿ ಮೊದಲ ಸಂಕರ ತಳಿ ಅದೇ. ಅದರ ಕಾಳು ಬಿತ್ತಿದರೆ ಅಲ್ಲೂ ಹತ್ತು ಥರದ ಬಳ್ಳಿ ಬರುತ್ತದೆ. ನೀವು ಕಾಳು ಬಿತ್ತಲಿಲ್ಲ, ಬಳ್ಳಿ ತುಂಡು ಮಾಡಿ ನೆಟ್ಟಿರಿ. ತುಂಡು ಅಂದರೆ ಮಗುವಲ್ಲ, ಅದೇ ಗಿಡ. ಆ ಮದುವೆಯಲ್ಲಿ ಹುಟ್ಟಿದ ಎಷ್ಟೋ ಸಸಿಗಳಲ್ಲಿ ಒಂದನ್ನು ಆರಿಸಿದರು. ಇವತ್ತು ಮಲೆನಾಡು, ಕೊಡಗು, ವಯನಾಡಿನಲ್ಲಿ ಇರುವ ಪನ್ನಿಯೂರು-1 ಎಲ್ಲವೂ ಆ ಒಂದೇ ಸಸಿಯ ತುಂಡಿನ ತುಂಡಿನ ತುಂಡು. ನಿಮ್ಮ ಸಿಲ್ವರ್ ಓಕ್ ಮರಕ್ಕೆ ಹಬ್ಬಿರುವುದೂ ಅದೇ ಗಿಡ.

ಬಳ್ಳಿಗೆ ತುಂಡಾಗಿ ಬೇರು ಬಿಡುವ ಗುಣ ಇದೆ. ಅಡಿಕೆಗೆ ಅದಿಲ್ಲ. ಅಡಿಕೆಗೆ ಇರುವುದು ತಲೆಯಲ್ಲಿ ಒಂದೇ ಸುಳಿ. ಕೊಂಬೆ ಇಲ್ಲ, ಕಂದು ಇಲ್ಲ, ಕಸಿ ಕಟ್ಟಲು ಜಾಗವೇ ಇಲ್ಲ. ಎಳೇ ಹಿಂಗಾರದ ಚೂರಿನಿಂದ ಪ್ರಯೋಗಾಲಯದಲ್ಲಿ ಗಿಡ ಎಬ್ಬಿಸುವ ದಾರಿಯನ್ನು ಸಿಪಿಸಿಆರ್‌ಐ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಗಿಡ್ಡ ಸಂಕರಕ್ಕೂ, ಹಳದಿ ರೋಗದ ತೋಟದಲ್ಲಿ ಆರೋಗ್ಯವಾಗಿ ಉಳಿದ ಮರಗಳಿಗೂ ಈ ದಾರಿ ತುಂಬಾ ಮುಖ್ಯ. ಆದರೆ ಬಾಳೆಯ ಹಾಗೆ ಸಲೀಸಾಗಿ, ಅಗ್ಗವಾಗಿ ಆಗುವ ಕೆಲಸ ಅಲ್ಲ.

ಬಳ್ಳಿ ತುಂಡಿಗೂ ತೊಂದರೆ ಇದೆ, ಅದನ್ನು ಮರೆಯಬೇಡಿ. ತಾಯಿ ಬಳ್ಳಿಯ ರೋಗವೂ ತುಂಡಿನ ಜೊತೆ ಬರುತ್ತದೆ. ಎಲೆ ಸಣ್ಣದಾಗಿ, ಮುರುಟಿ, ಹಳದಿ ಮಚ್ಚೆಯಾಗಿ ಬಳ್ಳಿ ಕುಂಠಿತವಾಗುವುದು ನಂಜು ರೋಗ. ಬಹಳ ಸಲ ಅದನ್ನು ಹರಡಿದ್ದು ನಾವೇ, ಅಂಥ ಬಳ್ಳಿಯನ್ನೂ ಕತ್ತರಿಸಿ ನರ್ಸರಿ ಮಾಡಿ. ಏಲಕ್ಕಿಯಲ್ಲೂ ಹಾಗೇ. ಬುಡದ ಕಂದು ಬಿಡಿಸಿ ನೆಟ್ಟರೆ ತಾಯಿಯ ಗುಣವೆಲ್ಲ ಬರುತ್ತದೆ, ಕಟ್ಟೆ ರೋಗ ಇದ್ದರೆ ಅದೂ ಬರುತ್ತದೆ. ಬೀಜದಲ್ಲಿ ಕಟ್ಟೆ ಬರುವುದಿಲ್ಲ, ಆದರೆ ಜೇನುನೊಣ ಬೆರೆಸಿದ ಬೀಜವಾದ್ದರಿಂದ ಗುಣ ಚದುರುತ್ತದೆ. (ಕಟ್ಟೆ ಅನ್ನುವುದು ನಮ್ಮ ಕನ್ನಡದ ಹೆಸರು. ಪ್ರಪಂಚದ ಸಸ್ಯರೋಗ ಪುಸ್ತಕಗಳಲ್ಲೂ ಆ ರೋಗಕ್ಕೆ ಅದೇ ಹೆಸರು.)

ಬೀಜದಲ್ಲಿ ಗುಣ ಚದುರುವುದು ಬೆಳೆಗಾರರಿಗೆ ನಷ್ಟ. ತಳಿ ಹುಡುಕುವವರಿಗೆ ಅದೇ ಬಂಡವಾಳ. ಕೋಳಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ ಎಂಬ ಮೆಣಸು ಹುಟ್ಟಿದ್ದು ಹೀಗೇ. ಪೆರಂಬ್ರಮುಂಡಿ ಎಂಬ ಬಳ್ಳಿಯ ಕಾಳಿನಿಂದ ಎದ್ದ ಸಸಿಗಳಲ್ಲಿ ಸೊರಗು ರೋಗ ತಾಳಿಕೊಂಡದ್ದನ್ನು ಆರಿಸಿದ್ದು. ಕಾಳು ಬಿತ್ತದೆ ಬರೀ ಬಳ್ಳಿ ನೆಡುತ್ತಾ ಹೋಗಿದ್ದರೆ ಅದು ಯಾವತ್ತೂ ಸಿಗುತ್ತಿರಲಿಲ್ಲ.

ಸರಿ, ಈಗ ಇನ್ನೂರು ಸಸಿಗೆ ಏನು ಮಾಡುವುದು? ಎಲ್ಲವನ್ನೂ ಕೀಳಬೇಡಿ. ಎತ್ತರಕ್ಕೆ ಹೋಗುತ್ತಿರುವವು ಗಟ್ಟಿಯಾಗಿದ್ದರೆ ಬಿಡಿ, ಊರಿನ ಅಡಿಕೆಯ ಹಾಗೆ ಫಸಲು ಕೊಡುತ್ತವೆ. ನಡುವಿನ ಎತ್ತರದವನ್ನು ಎರಡು ಕೊನೆ ಬರುವವರೆಗೆ ಕಾಯಿರಿ. ನೆಲ ಬಿಟ್ಟು ಏಳದಿರುವುದನ್ನು ನೋಡಿ ಮಾತ್ರ ಆಸೆ ಪಡಬೇಡಿ. ಅತಿ ಗಿಡ್ಡವಾದದ್ದು ಅಜ್ಜಿಯನ್ನೇ ಹೆಚ್ಚು ಹೋಲುತ್ತಿರಬಹುದು, ಸೊಟ್ಟ ಅಡಿಕೆ ಸಮೇತ. ಮೊದಲ ಕೊನೆಯಲ್ಲಿ ನಾಲ್ಕು ಕಾಯಿ ಒಡೆದು ನೋಡಿ. ಆಕಾರ ಕೆಟ್ಟಿದ್ದರೆ ತೆಗೆದು ಹೊಸ ಸಸಿ ಹಾಕಿ. ಗಿಡ್ಡದ್ದೇ ಬೇಕು ಅಂದರೆ ಪ್ರತಿ ಸಲವೂ ಸಂಕರ ಮಾಡಿದ ಸಸಿಯನ್ನೇ ತರಬೇಕು, ಬೇರೆ ದಾರಿ ಇಲ್ಲ. ಗಿಡ್ಡ ಸಂಕರದ ಬೀಜದ ಸಸಿ ಅಂತ ಯಾರಾದರೂ ಮಾರಲು ಬಂದರೆ, ತಾಯಿ ಯಾವುದು ಅನ್ನುವುದಕ್ಕಿಂತ ಮೊದಲು ಪರಾಗ ಯಾವುದರದು ಅಂತ ಕೇಳಿ. ಉತ್ತರ ಬರದಿದ್ದರೆ ಕೊಳ್ಳಬೇಡಿ.

ಎತ್ತರದ ಅಡಿಕೆಗಾದರೆ ನಿಮ್ಮದೇ ಬೀಜ ಧಾರಾಳ ಮಾಡಬಹುದು. ತಾಯಿ ಮರವನ್ನು ತೋಟದ ಅಂಚಿನಲ್ಲಿ ಆರಿಸಬೇಡಿ. ಸುತ್ತಲೂ ಒಳ್ಳೆಯ ಮರಗಳಿರುವ ಜಾಗದ ನಡುವೆ ಆರಿಸಿ. ತಂದೆ ಯಾರು ಅಂತ ನಮಗೆ ಗೊತ್ತಾಗುವುದಿಲ್ಲ, ಕಡೇ ಪಕ್ಷ ಒಳ್ಳೆಯವರ ನಡುವಿನವನಾಗಿರಲಿ. ಬೇಗ ಫಸಲಿಗೆ ಬಂದದ್ದು, ಗಣ್ಣು ಹತ್ತಿರ ಇರುವುದು, ಪ್ರತಿ ವರ್ಷ ಕಾಯಿ ಚೆನ್ನಾಗಿ ಕಚ್ಚುವುದು ಆಗಬೇಕು. ಪೂರ್ತಿ ಹಣ್ಣಾದ ಕೊನೆಯ ನಡುಭಾಗದಿಂದ 35 ಗ್ರಾಂಗಿಂತ ಹೆಚ್ಚು ತೂಕದ ಹಣ್ಣು ತೆಗೆಯಿರಿ. ಬಕೆಟ್ ನೀರಿಗೆ ಹಾಕಿ. ತೊಟ್ಟು ಮೇಲೆ ಮಾಡಿಕೊಂಡು ನೆಟ್ಟಗೆ ನಿಂತು ತೇಲುವುದನ್ನು ಇಟ್ಟುಕೊಳ್ಳಿ, ಅಡ್ಡ ಬೀಳುವುದನ್ನು ಬಿಡಿ. ನೆಟ್ಟಗೆ ತೇಲುವ ಹಣ್ಣಿನ ಸಸಿ ಚುರುಕಾಗಿ ಬರುತ್ತದೆ ಅಂತ ಪರೀಕ್ಷೆ ಮಾಡಿಯೇ ಹೇಳಿದ್ದು. ಒಣಗಿಸದೆ, ತೊಟ್ಟು ಮೇಲೆ ಬರುವ ಹಾಗೆ ಬಿತ್ತಿ.

ಮತ್ತೆ, ತಾಯಿ ಮರಕ್ಕೆ ಒಂದು ನಂಬರು ಬರೆಯಿರಿ. ಯಾವ ಮರದ ಸಸಿ ಎಲ್ಲಿ ನೆಟ್ಟಿರಿ ಅಂತ ಪುಸ್ತಕದಲ್ಲಿ ಬರೆದಿಡಿ. "ಆ ಮರದ ಸಸಿ ಯಾವತ್ತೂ ಕೈ ಕೊಟ್ಟಿಲ್ಲ" ಅಂತ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಅದು ಬರೀ ಮಾತಲ್ಲ. ತಂದೆ ಯಾರೇ ಆಗಲಿ, ತನ್ನ ಗುಣವನ್ನು ಮಕ್ಕಳಲ್ಲಿ ಜೋರಾಗಿ ತೋರಿಸುವ ಮರಗಳು ಇರುತ್ತವೆ. ತೆಂಗಿನಲ್ಲಿ ಅಂಥ ಮರಗಳನ್ನು ಹುಡುಕಿಯೇ ಬೀಜಕ್ಕೆ ಬಳಸುತ್ತಾರೆ. ಮರ ನೋಡಿದರೆ ಅದು ತಿಳಿಯುವುದಿಲ್ಲ, ಮಕ್ಕಳನ್ನು ನೋಡಿದರೆ ಮಾತ್ರ ತಿಳಿಯುತ್ತದೆ.

ಕೊನೆಗೆ ಹಲಸಿನ ಮರದ ಬಳ್ಳಿ. ದಯವಿಟ್ಟು ಕಡಿಯಬೇಡಿ. ಕಾಳುಮೆಣಸಿನ ತವರು ನಮ್ಮ ಘಟ್ಟವೇ. ನಿಮ್ಮ ಕಡೆಯ ಮಲ್ಲಿಗೆಸರದ ಥರದ ಹಳೇ ತಳಿಗಳೂ ಯಾವುದೋ ಕಾಲದಲ್ಲಿ ಹೀಗೆ ಯಾರದೋ ಕಣ್ಣಿಗೆ ಬಿದ್ದು ಉಳಿದುಕೊಂಡವು. ಇಡುಕ್ಕಿಯ ಬೆಳೆಗಾರರೊಬ್ಬರು ತಮ್ಮ ತೋಟದಲ್ಲೇ ಆರಿಸಿದ ಞಳ್ಳಾನಿ ಏಲಕ್ಕಿ ಇಡೀ ಆ ಸೀಮೆಯನ್ನೇ ಬದಲಾಯಿಸಿತು. ಹಕ್ಕಿ ಹಾಕಿದ ಬಳ್ಳಿ ಹೆಚ್ಚಿನ ಸಲ ಸಾಧಾರಣವೇ ಇರುತ್ತದೆ. ಕೆಲವದರಲ್ಲಿ ಬರೀ ಹೆಣ್ಣು ಹೂವಿರುತ್ತದೆ, ಗೆರೆ (ಕಾಳು ಕೂರುವ ಹೂಗೊಂಚಲು) ಉದ್ದ ಇದ್ದರೂ ಕಾಳು ಕಚ್ಚುವುದಿಲ್ಲ. ಹಾಗಾಗಿ ಮೂರು ಮಳೆಗಾಲ ನೋಡಿ. ಗೆರೆ ಬಿಟ್ಟಾಗ ಹತ್ತು ಗೆರೆಗೆ ನೂಲು ಕಟ್ಟಿ, ಕೊಯ್ಲಿನ ಹೊತ್ತಿಗೆ ಎಷ್ಟು ಕಾಳು ನಿಂತಿದೆ ಅಂತ ಎಣಿಸಿ. ಒಂದು ಕಿಲೋ ಹಸಿ ಮೆಣಸು ಒಣಗಿಸಿ ತೂಗಿ, 330 ಗ್ರಾಂ ಮೇಲೆ ಬಂದರೆ ಒಳ್ಳೆಯದು. ಸುತ್ತಲಿನ ಬಳ್ಳಿಗಳು ಸೊರಗಿದ ವರ್ಷ ಇದು ಹೇಗಿತ್ತು ಅಂತ ಮುಖ್ಯವಾಗಿ ಬರೆದಿಡಿ. ಎಲ್ಲ ಸರಿ ಕಂಡರೆ ಬುಡದಲ್ಲಿ ಹರಿಯುವ ಹಬ್ಬು ಬಳ್ಳಿಯಿಂದ ತುಂಡು ತೆಗೆದು ಹತ್ತು ಗಿಡ ಮಾಡಿ. ಪಕ್ಕದ ಕವಲಿನಿಂದ ತೆಗೆದರೆ ಅದು ಹಬ್ಬುವುದಿಲ್ಲ, ಪೊದೆಯಾಗಿಬಿಡುತ್ತದೆ. ಅದರಲ್ಲಿ ಐದನ್ನು ಬೇರೆ ಜಾಗದಲ್ಲಿ ನೆಡಿ, ಎರಡನ್ನು ನೆಂಟರ ತೋಟಕ್ಕೆ ಕೊಡಿ. ಮಡಿಕೇರಿ ಹತ್ತಿರದ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರದವರಿಗೂ ಒಮ್ಮೆ ತೋರಿಸಿ. ಹಲಸಿನ ಮರ ಒಂದು ಗಾಳಿಗೆ ಬಿದ್ದರೂ ಬಳ್ಳಿ ಇನ್ನೆಲ್ಲೋ ಇರುತ್ತದೆ.